ಜೀಪಿನ ಪಾಟಾ, ನನ್ನ ಸೊಂಟ

ಕೆಲವರಿಗೆ ಹೋದಲ್ಲೆಲ್ಲ ಮರ್ಯಾದೆ ಸಿಗುತ್ತದೆ, ನನಗೆ ಹೋದಲ್ಲೆಲ್ಲ ಇಂಥವೇ ಆಗುತ್ತವೆ. ಯಾಕೆ ಅಂತ ಕೇಳಿಕೊಳ್ಳುವುದನ್ನೂ ಈಗ ಬಿಟ್ಟಿದ್ದೇನೆ.

ಯಲಬುರ್ಗಾ, ಕುಷ್ಟಗಿ ಸೀಮೆಯಲ್ಲಿ ಮೂವತ್ತು ವರ್ಷ ದನ, ಎಮ್ಮೆ, ಕುರಿಗಳಿಗೆ ಸೂಜಿ ಚುಚ್ಚುತ್ತ ಬಂದವನು ನಾನು. ಕಾಗದದ ಮೇಲೆ ಪಶು ವೈದ್ಯಕೀಯ ಪರೀಕ್ಷಕ, ಜನರ ಬಾಯಲ್ಲಿ ದನದ ಡಾಕ್ಟರ್. ನಿವೃತ್ತಿಗೆ ಇನ್ನು ಒಂದೂವರೆ ವರ್ಷ. ಕುರಿಹಟ್ಟಿಗಳಿರುವ ಗುಡ್ಡದ ದಾರಿಗೆ ಬೈಕು ಸಾಲದೆ, ಒಬ್ಬ ಗುತ್ತಿಗೆದಾರರಿಂದ ಹಳೇ ಜೀಪು ಕೊಂಡಿದ್ದೆ. ಅದರ ನಾಲ್ಕೂ ಚಕ್ರದ ಮೇಲೆ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿ ಕಟ್ಟಿರುತ್ತಾರೆ. ನಮ್ಮ ಕಡೆ ಅದಕ್ಕೆ ಪಾಟಾ ಅನ್ನುತ್ತಾರೆ. ಕಲ್ಲಿನ ಏಟು ಕೂತವರಿಗೆ ತಾಗದಂತೆ ನೋಡಿಕೊಳ್ಳುವುದು ಅದರ ಕೆಲಸ. ನನ್ನ ಜೀಪಿನ ಪಾಟಾಗಳು ನನಗಿಂತ ಮೊದಲೇ ನಿವೃತ್ತಿ ತಗೊಂಡಿದ್ದವು.

ಆ ಪಾಟಾ ತೆಗೆಸಿ ಕಾಯಿಲ್‌ಓವರ್ ಅನ್ನುವ ಹೊಸ ಸ್ಪ್ರಿಂಗ್ ಹಾಕಿಸುವುದೋ ಬೇಡವೋ ಎಂಬ ಒಂದೇ ಪ್ರಶ್ನೆಯಲ್ಲಿ ನನ್ನ ಕಳೆದ ಒಂದು ವರ್ಷ ಹೋಯಿತು.

ಸ್ಪೇರ್ ಸಿಗದ ಸಾಮಾನು

ಇದನ್ನು ಶುರು ಮಾಡಿದವರು ಕೊಪ್ಪಳದ ಎಲುಬಿನ ಡಾಕ್ಟರು. ಸೊಂಟ ಹಿಡಿದುಕೊಂಡು ಹೋಗಿದ್ದೆ. ಎಕ್ಸ್‌ರೇ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಯಾವ ಗಾಡಿ ಓಡಿಸುತ್ತೀರಿ ಎಂದು ಕೇಳಿದರು. ಜೀಪು ಹೊರಗೇ ನಿಂತಿದೆ ಎಂದೆ. ಕಿಟಕಿಯಿಂದ ಅದನ್ನು ನೋಡಿದರು, ಮತ್ತೆ ಎಕ್ಸ್‌ರೇ ನೋಡಿದರು. ಎರಡಕ್ಕೂ ಒಂದೇ ಮುಖ ಮಾಡಿದರು.

"ಅದರ ಸಸ್ಪೆನ್ಷನ್ ಬದಲಿ ಮಾಡಿಸ್ರಿ" ಎಂದರು.

ನಾನು ಮಾತ್ರೆ, ಬೆಲ್ಟು ಇಂಥದ್ದೇನಾದರೂ ಸಾಲದೇ ಎಂದು ಕೇಳಿದೆ.

"ಎರಡರಾಗ ಒಂದು ಬದಲಿ ಮಾಡಬೇಕ್ರಿ. ಜೀಪಿಂದ ಮಾಡಿಸ್ರಿ. ನಿಮ್ಮದಕ್ಕ ಸ್ಪೇರ್ ಸಿಗಂಗಿಲ್ಲ."

ಸೊಂಟದ ಮಾತು ಹಾಗಿರಲಿ, ನನಗೆ ನಿಜವಾಗಿ ಚುಚ್ಚುತ್ತಿದ್ದದ್ದು ಬೇರೆ. ನಾಲ್ಕು ವರ್ಷದ ಹಿಂದೆ ಹೆಂಡತಿಯನ್ನು ಜೀಪಿನಲ್ಲಿ ಹೇಮಗುಡ್ಡದ ದುರ್ಗಮ್ಮನ ಗುಡಿಗೆ ಕರೆದೊಯ್ದಿದ್ದೆ. ಹೋಗುವಾಗ ಹೇಗೋ ಹೋದಳು. ದರ್ಶನ ಮಾಡಿ ಹೊರಬಂದವಳು ನನ್ನ ಕಡೆ ನೋಡದೆ ನೇರ ರಸ್ತೆಗೆ ನಡೆದು, ಬಸ್ಸಿಗೆ ಕೈ ಮಾಡಿ ಹತ್ತಿದಳು. ಆ ಬಸ್ಸಿನ ಹಿಂದೆ ನಾನು ಖಾಲಿ ಜೀಪು ಹೊಡೆದುಕೊಂಡು ಮನೆಗೆ ಬಂದೆ. ಅಂದಿನಿಂದ ಮದುವೆಯಿರಲಿ, ಮುಂಜಿಯಿರಲಿ, ಅವಳು ಬಸ್ಸಿಗೆ, ನಾನು ಜೀಪಿಗೆ. ಈಗಂತೂ ಹೆಂಗಸರಿಗೆ ಬಸ್ಸು ಪುಕ್ಕಟೆ. ಅವಳನ್ನು ಜೀಪಿಗೆ ಕರೆಯುವ ಬಾಯಿಯೂ ನನಗೆ ಉಳಿಯಲಿಲ್ಲ.

ಮೂವತ್ತು ವರ್ಷ ಸಂಸಾರ ಮಾಡಿದವರು ಕಲ್ಯಾಣಮಂಟಪದ ಬಾಗಿಲಲ್ಲಿ "ಈಗ ಬಂದ್ಯಾ?" "ನೀವು ಯಾವಾಗ ಬಂದ್ರಿ?" ಎಂದು ಕೇಳಿಕೊಳ್ಳುವುದು ನನಗೆ ಬಹಳ ಬೇಜಾರಿನ ವಿಷಯ. ಡಾಕ್ಟರ ಮಾತು ಹೇಳಿದಾಗ ಅವಳು ಒಂದೇ ಮಾತು ಕೊಟ್ಟಳು.

"ಪಾಟಾ ತಗಸ್ರಿ, ಕುಂದರ್ತೀನಿ. ಅಲ್ಲೀತನಕ ನಿಮ್ಮ ಜೀಪು ನಿಮಗ, ನನ್ನ ಬಸ್ಸು ನನಗ."

ಮೇಸ್ತ್ರಿಯ ಪಾಠ

ಗಂಗಾವತಿಯಲ್ಲಿ ನನ್ನ ಜೀಪಿನ ಮೇಸ್ತ್ರಿ ಇದ್ದಾರೆ. ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪಿನ ಕಡೆಯವರು, ಸಿಟ್ಟು ಬಂದರೆ ತೆಲುಗು, ಬರದಿದ್ದರೆ ಕನ್ನಡ. ಫೋನಿನಲ್ಲಿ ಕಾಯಿಲ್‌ಓವರಿನ ವಿಡಿಯೋ ತೋರಿಸಿದೆ. ಬೇರೆ ದೇಶದ ಯಾವನೋ ಬಂಡೆಯ ಮೇಲೆ ಗಾಡಿ ಹತ್ತಿಸುತ್ತಿದ್ದ, ಒಳಗೆ ಕೂತವನ ಟೊಪ್ಪಿಗೆ ಅಲ್ಲಾಡುತ್ತಿರಲಿಲ್ಲ.

ಮೇಸ್ತ್ರಿ ಅದನ್ನು ಪೂರ್ತಿ ನೋಡಿದರು. ಆಮೇಲೆ ಎದುರಿಗೆ ನಿಂತಿದ್ದ ಬೈಕಿನ ಹಿಂಭಾಗ ತೋರಿಸಿದರು. ಶಾಕಪ್ಸರಿನ ಸುತ್ತ ಸ್ಪ್ರಿಂಗ್ ಸುತ್ತಿದೆಯಲ್ಲ, ಅದೇ ಇದು, ದೊಡ್ಡದು ಅಷ್ಟೇ ಎಂದರು. ನನಗೆ ಸಮಾಧಾನವಾಯಿತು. ಹಾಗಾದರೆ ಸುಲಭ, ಪಾಟಾ ಬಿಚ್ಚಿ ಇದನ್ನು ಕೂಡಿಸಿಬಿಡಿ ಎಂದೆ.

ಆಗ ತೆಲುಗು ಶುರುವಾಯಿತು. ಅರ್ಧ ಅರ್ಥವಾಯಿತು, ಉಳಿದರ್ಧ ಅರ್ಥವಾಗದಿದ್ದದ್ದೇ ಒಳ್ಳೆಯದಾಯಿತು. ಅದರ ಸಾರ ಇಷ್ಟು: ಪಾಟಾ ಅಂದರೆ ಬರೀ ಸ್ಪ್ರಿಂಗ್ ಅಲ್ಲ, ಚಕ್ರದ ಆಕ್ಸಲನ್ನು ಹಿಂದೆ ಮುಂದೆ ಹೋಗದಂತೆ ಹಿಡಿದುಕೊಂಡಿರುವುದೂ ಅದೇ. ಅದನ್ನು ತೆಗೆದರೆ ಆಕ್ಸಲ್ ಹಿಡಿಯಲು ಬೇರೆ ರಾಡು ಬೇಕು, ರಾಡಿಗೂ ಗಾಡಿಯ ಅಡಿಕಟ್ಟಾದ ಚಾಸಿಗೂ ವೆಲ್ಡಿಂಗ್ ಬೇಕು, ವೆಲ್ಡಿಂಗ್ ಹಿಡಿಯಲು ಚಾಸಿಯಲ್ಲಿ ಕಬ್ಬಿಣ ಉಳಿದಿರಬೇಕು.

ನಾನು ಸೋತು, ಕಡಿಮೆ ಖರ್ಚಿನಲ್ಲಿ ಏನಾದರೂ ಮಾಡಲು ಬರುವುದಿಲ್ಲವೇ ಎಂದೆ. ಮೇಸ್ತ್ರಿ ಸ್ವಲ್ಪ ಯೋಚಿಸಿ, ನನ್ನ ಸೀಟು ಬಿಚ್ಚಿಸಿ ನೋಡಿದರು. ಅದರೊಳಗಿದ್ದ ಸ್ಪಂಜು ಹಪ್ಪಳದಷ್ಟು ಉಳಿದಿತ್ತು. ಪಕ್ಕದ, ಹೆಂಡತಿಯ ಸೀಟು ಬಿಚ್ಚಿಸಿದರು. ಅದರ ಸ್ಪಂಜು ಹೊಸದರಂತೆ ಉಬ್ಬಿಕೊಂಡಿತ್ತು.

"ಇದ್ಯಾಕ್ರಿ ಸರ್ ಹಿಂಗೈತಿ? ಈ ಕಡೆ ಯಾರೂ ಕುಂದ್ರಂಗಿಲ್ಲೇನು?"

ನಾನು ಫೋನು ಜೇಬಿಗೆ ಹಾಕಿಕೊಂಡೆ. ಮೇಸ್ತ್ರಿಗೆ ಎಲ್ಲ ಅರ್ಥವಾಯಿತು. ಎರಡೂ ಸ್ಪಂಜು ಅದಲುಬದಲು ಮಾಡಿ ಕೊಟ್ಟು, ಕಾಯಿಲ್‌ಓವರ್ ಬೇಕೋ ಬೇಡವೋ ಮನೆಯವರನ್ನು ಕೇಳಿ ಹೇಳಿ ಎಂದು ಕಳಿಸಿದರು.

ಸಾಹುಕಾರರ ಮೆತ್ತನೆ ಗಾಡಿ

ಹಾಕಿಸಿದವರನ್ನು ಒಮ್ಮೆ ಕೇಳೋಣ ಅನ್ನಿಸಿತು. ಗಂಗಾವತಿಯಲ್ಲೇ ಒಬ್ಬ ರೈಸ್‌ಮಿಲ್ ಸಾಹುಕಾರರು ತಮ್ಮ ಜೀಪಿಗೆ ನಾಲ್ಕೂ ಕಡೆ ಕಾಯಿಲ್‌ಓವರ್ ಹಾಕಿಸಿದ್ದರು. ಅವರ ಹಸುವಿಗೆ ಒಮ್ಮೆ ಹೊಟ್ಟೆಯುಬ್ಬರ ಇಳಿಸಿಕೊಟ್ಟಿದ್ದೆ, ಆ ಸಲುಗೆ ಇತ್ತು. ಬರ್ರಿ, ನಮ್ಮ ಗದ್ದೆಗೆ ಹೋಗಿ ಬರೋಣ, ನಿಮಗೇ ತಿಳಿಯುತ್ತದೆ ಎಂದು ಕೂಡಿಸಿಕೊಂಡರು.

ಸುಳ್ಳು ಯಾಕೆ ಹೇಳಲಿ, ಗಾಡಿ ಮನೆಯ ತೂಗುಮಂಚದಂತಿತ್ತು. ಕಾಲುವೆ ಪಕ್ಕದ ಡಾಂಬರು ರಸ್ತೆಯಲ್ಲಿ ನನಗೆ ತೂಕಡಿಕೆ ಬಂತು. ಹಂಪು ಬಂದಲ್ಲೆಲ್ಲ ಸಾಹುಕಾರರು ಗಾಡಿಯನ್ನು ನಡೆಯುವವನಿಗಿಂತ ನಿಧಾನ ಮಾಡಿ, ಅಡ್ಡ ತಿರುಗಿಸಿ, ಒಂದೊಂದೇ ಚಕ್ರ ಇಳಿಸಿದರು. ಒಂದು ಎಮ್ಮೆ ನಮ್ಮನ್ನು ದಾಟಿ ಮುಂದೆ ಹೋಯಿತು. ಹೆಂಡತಿಗೆ ಇದೊಂದು ಗಾಡಿ ತೋರಿಸಿದರೆ ಸಾಕು ಎಂದು ನಾನು ಮನಸ್ಸಿನಲ್ಲೇ ಆರ್ಡರ್ ಕೊಟ್ಟಾಗಿತ್ತು.

ಡಾಂಬರು ಮುಗಿದು ಗದ್ದೆಯ ಕಲ್ಲುದಾರಿ ಶುರುವಾಗುವಲ್ಲಿ ಸಾಹುಕಾರರು ಗಾಡಿ ನಿಲ್ಲಿಸಿದರು. ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದರು, ಧೋತರ ಮೇಲಕ್ಕೆ ಕಟ್ಟಿದರು, ಇಳೀರಿ ಎಂದರು. ನನಗೆ ತಿಳಿಯಲಿಲ್ಲ. ಇಂಥ ದಾರಿಗೇ ಅಲ್ಲವೇ ಇದನ್ನು ಹಾಕಿಸುವುದು ಎಂದು ಕೇಳಿದೆ.

"ಹೌದ್ರಿ, ಇಂಥಾ ದಾರಿಗೇ ಅಂತ ಹಾಕ್ಸೇನಿ. ಆದ್ರ ಅಷ್ಟು ರೊಕ್ಕ ಕೊಟ್ಟ ಮ್ಯಾಲೆ ಕಲ್ಲಿನ ಮ್ಯಾಲೆ ಓಡ್ಸಾಕ ಮನಸ್ಸು ಬರಂಗಿಲ್ಲ ನೋಡ್ರಿ."

ಅಲ್ಲಿಂದ ಗದ್ದೆಗೆ ಒಂದು ಮೈಲಿ. ಸೊಂಟ ಹಿಡಿದುಕೊಂಡು ನಡೆದೆ.

ಸಸ್ಪೆನ್ಷನ್ ಪಕ್ಕಾ

ಒಂದು ದಿನ ನಮ್ಮ ದನದ ಆಸ್ಪತ್ರೆಯಲ್ಲಿ ಕೂತು ಮೇಸ್ತ್ರಿಗೆ ಫೋನ್ ಮಾಡುತ್ತಿದ್ದೆ. ಸಸ್ಪೆನ್ಷನ್ ಮಾಡೇ ಮಾಡೋಣ, ಎಷ್ಟು ದಿನ ಹಿಡಿಯುತ್ತದೆ, ಮಾಡಿದ ಮೇಲೆ ಮತ್ತೆ ಮೊದಲಿನಂತೆ ಆಗುತ್ತದೋ ಇಲ್ಲವೋ, ಹೀಗೆಲ್ಲ ಕೇಳಿದೆ. ನಮ್ಮ ಅಟೆಂಡರ್ ಬಾಗಿಲಲ್ಲಿ ಹಾಲಿನ ಕ್ಯಾನು ಹಿಡಿದು ನಿಂತಿದ್ದ. ಸರ್ಕಾರಿ ಕಟ್ಟಡದೊಳಗೆ ಆ ಶಬ್ದಕ್ಕೆ ಒಂದೇ ಅರ್ಥ ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ನಾನು ಸಸ್ಪೆಂಡ್ ಆಗಿದ್ದೇನೆ ಎಂಬ ಸುದ್ದಿ ಯಲಬುರ್ಗಾ ದಾಟಿತ್ತು. ಸಂಜೆಗೆ ಕುಷ್ಟಗಿಯಿಂದ ಹೆಂಡತಿಯ ಅಣ್ಣ ಮೈಸೂರುಪಾಕಿನ ಡಬ್ಬಿ ಹಿಡಿದು ಬಂದರು. ಅವರು ನನ್ನ ಮನೆಗೆ ಸಿಹಿ ತಂದದ್ದು ಅದೇ ಮೊದಲು. ಧೈರ್ಯ ಹೇಳಿದರು, ಬೆನ್ನು ಸವರಿದರು. ಇಂಥ ಹೊತ್ತಿನಲ್ಲಿ ಮನೆಯವರು ಜೊತೆಗಿರಬೇಕು ಎಂದು ತಂಗಿಗೆ ಹೇಳಿದರು. ಅವಳು ಜೀಪಿನ ವಿಷಯ ಎಂದು ತಿಳಿದು, ಪಾಟಾ ತೆಗೆಸುವವರೆಗೆ ಜೊತೆಗೆ ಇರುವುದಿಲ್ಲ ಎಂದುಬಿಟ್ಟಳು. ಅವರು ನನ್ನನ್ನು ನೋಡಿದ ನೋಟ ಇನ್ನೂ ಮರೆತಿಲ್ಲ.

ಇಬ್ಬರಿಗೂ ಬಿಡಿಸಿ ಹೇಳುವಷ್ಟರಲ್ಲಿ ನನಗೆ ಸಾಕಾಗಿ ಹೋಯಿತು. ಸಸ್ಪೆಂಡ್ ಆದದ್ದು ನಾನಲ್ಲ, ಜೀಪು ಎಂದು ಖಾತ್ರಿಯಾದ ಮೇಲೆ ಅಣ್ಣನವರು ಎದ್ದು ಚಪ್ಪಲಿ ಮೆಟ್ಟಿದರು. ಬಾಗಿಲವರೆಗೆ ಹೋದವರು ತಿರುಗಿ ಬಂದು ಮೈಸೂರುಪಾಕಿನ ಡಬ್ಬಿ ತೆಗೆದುಕೊಂಡರು.

"ಹಂಗಾರ ಇದನ್ನ ಒಯ್ತೀನಿ. ಮತ್ತ ಯಾರಾರ ಸಸ್ಪೆಂಡ್ ಆದ್ರ ಬೇಕಾಗ್ತೈತಿ."

ಒಂದು ಸೈಡು ಇರ್ಲಿ

ಪಾಟಾ ತೆಗೆಸಬೇಡಿ ಎಂದವರು ಒಬ್ಬರೇ. ತಾವರಗೇರಾ ಕಡೆಯ ಒಬ್ಬ ಕುರಿಗಾರಜ್ಜ.

ಅವರದೊಂದು ಕುರಿ ದಿನ ತುಂಬಿಯೂ ಈಯದೆ ಗುಡ್ಡದ ಹಟ್ಟಿಯಲ್ಲಿ ಒದ್ದಾಡುತ್ತಿತ್ತು. ಆಸ್ಪತ್ರೆಗೆ ಒಯ್ಯೋಣ ಎಂದು ಅದನ್ನು ಜೀಪಿಗೆ ಹಾಕಿದೆವು. ಹಿಂದೆ ಅಜ್ಜ ಕುರಿಯ ತಲೆ ತೊಡೆಯ ಮೇಲಿಟ್ಟುಕೊಂಡು ಕೂತರು. ಮೊದಲ ಹಳ್ಳ ಇಳಿದು ಹತ್ತಿದೆ, ಹಿಂದಿನಿಂದ ಮರಿಯ ದನಿ ಕೇಳಿತು. ಎರಡನೇ ಹಳ್ಳಕ್ಕೆ ಇನ್ನೊಂದು ಮರಿ. ನಾನು ಕೈಗೆ ಗ್ಲೌಸು ಹಾಕುವ ಪ್ರಸಂಗವೇ ಬರಲಿಲ್ಲ.

ಮುಂದಿನ ವಾರ ಹಟ್ಟಿಗೆ ಹೋದಾಗ ಜೀಪಿನ ಸುತ್ತ ಐದು ಗಬ್ಬದ ಕುರಿಗಳನ್ನು ಹಿಡಿದುಕೊಂಡು ಜನ ನಿಂತಿದ್ದರು. ಸೂಜಿ ಬೇಡ, ಮಾತ್ರೆ ಬೇಡ, ಹಳ್ಳದವರೆಗೆ ಒಂದು ರೌಂಡ್ ಹೊಡೆಸಿಕೊಂಡು ಬಂದರೆ ಸಾಕು ಎಂದರು. ಮೂವತ್ತು ವರ್ಷದ ನನ್ನ ವಿದ್ಯೆಗೆ ಯಾರೂ ಇಷ್ಟು ಕೈಮುಗಿದಿರಲಿಲ್ಲ. ನನಗೆ ಸಿಟ್ಟು, ದಣಿವು ಎರಡೂ ಒಟ್ಟಿಗೆ ಬಂದವು. ಈ ಪಾಟಾಗಳನ್ನೇ ತೆಗೆಸುತ್ತಿದ್ದೇನೆ, ಇನ್ನು ಜೀಪು ಕುಲುಕುವುದಿಲ್ಲ ಎಂದು ಅಜ್ಜನಿಗೆ ಹೇಳಿಬಿಟ್ಟೆ.

ಅಜ್ಜ ಬಹಳ ಹೊತ್ತು ಕೆಳಗೆ ಬಗ್ಗಿ ಪಾಟಾ ನೋಡಿದರು.

"ತಗಸ್ರಿ ಸರ, ಬ್ಯಾಡ ಅನ್ನಂಗಿಲ್ಲ. ನಿಮಗೂ ಸೊಂಟ ಐತಿ. ಆದ್ರ ಒಂದು ಸೈಡಿಂದಾರ ಇರ್ಲಿ, ಕುರಿಗೆ."

ಪಾಲು

ಅಜ್ಜನೊಬ್ಬರನ್ನು ಬಿಟ್ಟರೆ ಊರೂರಿಗೇ ನನ್ನ ಸೊಂಟದ ಚಿಂತೆ ಹತ್ತಿತ್ತು. ಹಾಲಿನ ಡೇರಿಯ ಸೆಕ್ರೆಟರಿ ಸಿಕ್ಕಾಗಲೆಲ್ಲ ಪಾಟಾ ಯಾವಾಗ ತೆಗೆಸುತ್ತೀರಿ ಎಂದು ಕೇಳುತ್ತಿದ್ದರು. ಸಾಲಿ ಮಾಸ್ತರು ಶಾಲೆ ಬಿಟ್ಟ ಮೇಲೆ ಬಂದು ಕೇಳಿ ಹೋಗುತ್ತಿದ್ದರು. ನಮ್ಮ ಅಟೆಂಡರ್ ದಿನಾ ಬೆಳಿಗ್ಗೆ ನಮಸ್ಕಾರದ ಜೊತೆಗೇ ಕೇಳುತ್ತಿದ್ದ. ನನಗೆ ಕಣ್ಣು ತುಂಬಿ ಬಂದದ್ದೂ ಉಂಟು. ಸರ್ಕಾರ ಮರೆತರೂ ಜನ ಮರೆಯುವುದಿಲ್ಲ ಎಂದು ಹೆಂಡತಿಗೆ ಹೇಳಿದೆ. ಅವಳು ಹೂಂ ಅಂದಳು. ಇಷ್ಟು ಜನ ಹೇಳುವಾಗ ಇನ್ನೇನು ಎಂದು, ಹಾಕಿಸುವುದೇ ಸರಿ ಎಂದು ಗಟ್ಟಿ ಮಾಡಿಕೊಂಡೆ.

ಅದೇ ವಾರ ಮಂಗಳೂರಿನ ಹತ್ತಿರದ ಒಂದು ಹಳ್ಳಿಗೆ ಹೋಗಿದ್ದೆ, ಕಡಲ ದಂಡೆಯ ಮಂಗಳೂರಲ್ಲ, ನಮ್ಮ ಯಲಬುರ್ಗಾ ಸೀಮೆಯದು. ಅಲ್ಲಿನ ಕಂಬಾರನ ಆಡಿಗೆ ಜ್ವರ. ಸೂಜಿ ಹಾಕಿ ಕೈ ತೊಳೆಯುವಾಗ ಕುಲುಮೆಯ ಗೋಡೆ ಕಣ್ಣಿಗೆ ಬಿತ್ತು. ಇದ್ದಿಲಿನಿಂದ ಗೆರೆಗಳನ್ನು ಎಳೆದಿದ್ದ, ಉದ್ದದ್ದು, ಗಿಡ್ಡದ್ದು, ನಾಲ್ಕು ಗುಂಪು ಮಾಡಿ. ಪ್ರತಿ ಗೆರೆಯ ಮುಂದೆ ಏನೋ ಬರೆದಿತ್ತು. ಹತ್ತಿರ ಹೋಗಿ ಓದಿದೆ. ಡೇರಿ ಸೆಕ್ರೆಟರಿ, ಕುಡಗೋಲು ಎರಡು. ಸಾಲಿ ಮಾಸ್ತರು, ಗುದ್ದಲಿ. ದವಾಖಾನಿ ಅಟೆಂಡರ್, ಕೊಡ್ಲಿ.

ಇದೇನು ಎಂದು ಕೇಳಿದೆ. ಕಂಬಾರನಿಗೆ ಮುಚ್ಚಿಡುವಂಥದ್ದೇನೂ ಇದರಲ್ಲಿ ಕಾಣಲಿಲ್ಲ.

"ನಿಮ್ಮ ಜೀಪಿನ ಪಾಟಾ ಸರ. ಈಗ ಬರೋದು ಕಬ್ಬಿಣ ಅಲ್ರಿ, ಬರೇ ತಗಡು. ಹಳೇ ಜೀಪಿನ ಪಾಟಾ ಬಡದ್ರ ಕುಡಗೋಲು ಮೊಮ್ಮಕ್ಕಳ ಕಾಲಕ್ಕೂ ಬರ್ತೈತಿ. ಅದಕ್ಕ ಎಲ್ಲಾರೂ ಮೊದಲ ಹೇಳಿ ಇಟ್ಟಾರ."

ಇಡೀ ಸೀಮೆ ನನ್ನ ಸೊಂಟ ಕೇಳಿದ್ದು ಕುಡಗೋಲಿಗಾಗಿ. ನಾಲ್ಕನೇ ಗುಂಪಿನಲ್ಲಿ ತಾವರಗೇರಾದ ಅಜ್ಜನ ಹೆಸರೂ ಇತ್ತು: ಕುರಿಗಾರಜ್ಜ, ಕೊಡ್ಲಿ, ಒಂದು ಸೈಡಿಂದು ಬಿಟ್ಟು.

ಎಲ್ಲಕ್ಕೂ ಮೇಲೆ ಇದ್ದದ್ದು ಅತಿ ಉದ್ದದ ಗೆರೆ, ಮೇನ್ ಪಾಟಾ. ಅದರ ಮುಂದೆ ಹೆಸರಿರಲಿಲ್ಲ. ಇದು ಯಾರದು ಎಂದೆ. ಕಂಬಾರ ಮೊದಲ ಸಲ ಮುಖ ತಿರುಗಿಸಿದ. ತಿದಿ ಒತ್ತುತ್ತ, ಅದು ಎಲ್ಲರಿಗಿಂತ ಮೊದಲು ಹೋಗಿದೆ ಎಂದ. ಮತ್ತೆ ಕೇಳಿದೆ.

"ಮನಿಯಾಗಿನ ಅಮ್ಮಾರು ಫೋನ್ ಮಾಡಿದ್ರಿ. ಈಳಗಿ ಮಾಡಾಕ."

ಮನೆಗೆ ಬಂದೆ. ಹೆಂಡತಿ ಅಡುಗೆಮನೆಯಲ್ಲಿ ಹಳೇ ಈಳಿಗೆಯ ಮುಂದೆ ಕೂತು ಬದನೆಕಾಯಿ ಹೆಚ್ಚುತ್ತಿದ್ದಳು. ಕೇಳಿದೆ. ತಲೆ ಎತ್ತದೆ, ಹೌದು, ಹೇಳಿದ್ದೇನೆ ಎಂದಳು. ಈ ಈಳಿಗೆ ಬದನೆಕಾಯಿ ಹೆಚ್ಚುವುದಿಲ್ಲ, ಜಜ್ಜುತ್ತದೆ, ನೀವೇ ನೋಡಿ ಎಂದು ಒಂದು ತುಂಡು ತೋರಿಸಿದಳು.

ನನಗೆ ನಿಜಕ್ಕೂ ನೋವಾಯಿತು. ಊರವರದು ಇರಲಿ. ಜೀಪಿನಲ್ಲಿ ಕೂರುತ್ತೇನೆ ಎಂದು ನೀನು ಮಾತು ಕೊಟ್ಟದ್ದೂ ಈಳಿಗೆಗಾಗಿಯೇ ಎಂದೆ. ಇನ್ನು ಕಾಯಿಲ್‌ಓವರೂ ಬೇಡ, ಯಾವುದೂ ಬೇಡ, ನಿವೃತ್ತಿಯವರೆಗೆ ಇದೇ ಪಾಟಾ, ಇದೇ ಸೊಂಟ ಎಂದು ಹೇಳಿ ಊಟ ಬಿಟ್ಟು ಮಲಗಿದೆ. ಅಡುಗೆಮನೆಯಲ್ಲಿ ಬದನೆಕಾಯಿ ಜಜ್ಜುವ ಸಪ್ಪಳ ಸ್ವಲ್ಪ ಜೋರಾಯಿತು.

ಶುಕ್ರವಾರ ರಜೆ ಇತ್ತು. ಬೆಳಿಗ್ಗೆ ಹೊರಗೆ ಬಂದು ನೋಡಿದರೆ ಅವಳು ರೇಷ್ಮೆ ಸೀರೆ ಉಟ್ಟು, ಹಣ್ಣುಕಾಯಿ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಜೀಪಿನಲ್ಲಿ ಕೂತಿದ್ದಳು. ಸ್ಪಂಜಿಲ್ಲದ ಸೀಟಿನ ಮೇಲೆ ಒಂದು ದಿಂಬು ಇಟ್ಟುಕೊಂಡಿದ್ದಳು.

"ನಡೀರಿ ಹೇಮಗುಡ್ಡಕ್ಕ. ಈಳಗಿ ಬ್ಯಾರೆ, ನೀವು ಬ್ಯಾರೆ. ಅಷ್ಟೂ ತಿಳೀದೇನು?"

ನಾಲ್ಕು ವರ್ಷದ ಮೇಲೆ ಪಕ್ಕದಲ್ಲಿ ಬಳೆಯ ಸಪ್ಪಳ ಕೇಳುತ್ತ ಗಾಡಿ ಓಡಿಸಿದೆ. ರಸ್ತೆಯಲ್ಲಿ ಒಂದು ಗುಂಡಿಯನ್ನೂ ಬಿಡದೆ ತಪ್ಪಿಸಿದೆ. ಅವಳು ಒಂದು ಮಾತೂ ಗೊಣಗಲಿಲ್ಲ, ಆಗಾಗ ಮೇಲಿನ ಹಿಡಿಕೆ ಬಿಗಿಯಾಗಿ ಹಿಡಿಯುತ್ತಿದ್ದಳು ಅಷ್ಟೇ. ದುರ್ಗಮ್ಮನ ಮುಂದೆ ನಿಂತು ನಾನು ಕೇಳಿಕೊಂಡದ್ದು ಒಂದೇ, ವಾಪಸು ಮನೆಯವರೆಗೆ ಹೀಗೇ ಕಳಿಸವ್ವಾ ಎಂದು.

ಗುಡಿಯಿಂದ ರಸ್ತೆಗೆ ಇಳಿಯುವಲ್ಲಿ ಅಂಗೈಯಷ್ಟು ಆಳದ ಒಂದು ಚರಂಡಿ. ನೀರು ಕೂಡ ಇರಲಿಲ್ಲ. ಮುಂದಿನ ಚಕ್ರ ಅದರೊಳಗೆ ಇಳಿಯಿತು, ಕೆಳಗಿನಿಂದ ಡಣ್ ಎಂದು ಸಪ್ಪಳ ಬಂತು, ಜೀಪು ಅವಳ ಕಡೆಗೆ ವಾಲಿಕೊಂಡು ನಿಂತಿತು. ಇಳಿದು ಬಗ್ಗಿ ನೋಡಿದೆ. ಮೇನ್ ಪಾಟಾ ಎರಡು ತುಂಡು. ಎದ್ದು ಅವಳ ಮುಖ ನೋಡುವ ಧೈರ್ಯವಾಗದೆ ಅಲ್ಲೇ ಬಗ್ಗಿಕೊಂಡಿದ್ದೆ. ಅವಳು ಇಳಿದು ಬಂದು, ಸೊಂಟದ ಮೇಲೆ ಕೈಯಿಟ್ಟು ಯಾವುದು ಮುರಿಯಿತು ಎಂದು ಕೇಳಿದಳು. ಹೇಳಿದೆ. ಎಲ್ಲಿಗೆ ಮುರಿದಿದೆ ಎಂದಳು. ಬೆರಳಿಟ್ಟು ತೋರಿಸಿದೆ. ಅವಳು ಗೇಣು ಹಾಕಿ ಅಳೆದಳು.

"ಛಲೋ ಆತು. ಕಂಬಾರಗ ಕಡಿಯೋ ತ್ರಾಸು ತಪ್ಪಿತು."

ಮೇಸ್ತ್ರಿಗೆ ಫೋನ್ ಮಾಡಿದೆ. ಹೊಸ ಪಾಟಾ ತರಲೋ, ಕಾಯಿಲ್‌ಓವರಿಗೆ ಹೇಳಲೋ ಎಂದು ಕೇಳಿದರು. ಒಂದು ವರ್ಷ ಯೋಚಿಸಿದವನು ಈಗ ಯೋಚಿಸಲಿಲ್ಲ, ಕಾಯಿಲ್‌ಓವರಿಗೇ ಹೇಳಿ ಎಂದೆ. ಮೇಸ್ತ್ರಿ ಬರುವುದಕ್ಕೆ ಒಂದು ತಾಸು ಬೇಕಿತ್ತು. ಇಬ್ಬರೂ ರಸ್ತೆ ಪಕ್ಕದ ಕಲ್ಲಿನ ಮೇಲೆ ಕೂತು ಪ್ರಸಾದದ ಬಾಳೆಹಣ್ಣು ತಿಂದೆವು.

ಅಷ್ಟರಲ್ಲಿ ಬಸ್ಸು ಬಂತು, ನಾಲ್ಕು ವರ್ಷದ ಹಿಂದಿನಂತೆಯೇ. ವಾಲಿದ ಜೀಪು, ರೇಷ್ಮೆ ಸೀರೆ ನೋಡಿ ಕಂಡಕ್ಟರು ತಾವಾಗಿಯೇ ಬಸ್ಸು ನಿಲ್ಲಿಸಿ, ಬರ್ರಿ ಅಮ್ಮಾ, ಸೀಟೂ ಖಾಲಿ ಇವೆ ಎಂದು ಕರೆದರು. ನಾನು ಬುಟ್ಟಿ ಎತ್ತಿ ಅವಳ ಕೈಗೆ ಕೊಡಲು ಎದ್ದೆ. ಹೋಗುವುದೇ ನ್ಯಾಯ ಎಂದು ನನಗೂ ಅನ್ನಿಸಿತ್ತು.

ಅವಳು ಕೂತಲ್ಲಿಂದ ಏಳಲಿಲ್ಲ.

"ನೀವು ಹೋಗ್ರಿ ಅಣ್ಣಾರ. ನಮ್ಮ ಈಳಗಿ ಇಲ್ಲೇ ಬಿದ್ದೈತಿ. ಇವರ ಕೈಯಾಗ ಬಿಟ್ಟು ಹೋದ್ರ ಯಾರಾರ ಸೊಂಟ ಕೇಳಿ ಒಯ್ದಾರು."